ಸಾಗವಾನಿ ತೊಲೆ ತುದೀಲಿ ಮಳೆಯ ಲೆಕ್ಕ ಇರತ್ತಾ?

ಪ್ರಶ್ನೆ: ಅಜ್ಜನ ಕಾಲದ ಮನೆ ಬಿಚ್ಚಿಸ್ತಾ ಇದೀವಿ. ಸಾಗವಾನಿ ತೊಲೆ ಕೊಯ್ಸಿದಾಗ ತುದೀಲಿ ಬಿಲ್ಲಿನ ಥರ ಗೆರೆಗಳು ಕಂಡ್ವು, ಕೆಲವು ಅಗಲ, ಕೆಲವು ಒತ್ತೊತ್ತಾಗಿ. ಇದ್ರಿಂದ ಹಳೇ ಕಾಲದ ಮಳೆ ಗೊತ್ತಾಗತ್ತೆ ಅಂತಾಳೆ ಮಗಳು, ನಿಜಾನಾ? ಮತ್ತೆ, ಹವಾಮಾನ ಹಿಂದೇನೂ ಬದಲಾಗಿತ್ತಲ್ವಾ, ಈಗ್ಯಾಕೆ ಇಷ್ಟು ಗಾಬರಿ?
- ಹಳಿಯಾಳದ ಓದುಗರು

ಉತ್ತರ: ಮಗಳು ಹೇಳಿದ್ದು ನಿಜ, ಅದೂ ಸಾಗವಾನಿ ಸಿಕ್ಕಿದ್ದು ಒಳ್ಳೇದಾಯ್ತು. ಮಾವು, ಹಲಸಲ್ಲಿ ಗೆರೆ ಇಷ್ಟು ಸ್ಪಷ್ಟವಾಗಿ ಸಿಗಲ್ಲ. ಸಾಗವಾನಿ ಒಣಹವೆ ಬಂತು ಅಂದ್ರೆ ಎಲೆ ಉದುರಿಸಿ ಬೆಳೆಯೋದನ್ನೇ ನಿಲ್ಲಿಸಿಬಿಡತ್ತೆ, ಮತ್ತೆ ಚಿಗುರೋ ಹೊತ್ತಿಗೆ ನೀರು ಎಳ್ಕೊಳೋಕೆ ದೊಡ್ಡ ದೊಡ್ಡ ನಾಳ ಕಟ್ಕೊಳತ್ತೆ, ಅದಕ್ಕೇ ಪ್ರತಿ ವರ್ಷದ ಗೆರೆ ಶುರುವಾಗೋ ಕಡೆ ಸೂಜೀಲಿ ಚುಚ್ಚಿದ ಹಾಗೆ ತೂತುಗಳ ಸಾಲು ಕಾಣತ್ತೆ. ಮಳೆ ಚೆನ್ನಾಗಾದ ವರ್ಷ ಗೆರೆ ಸಾಮಾನ್ಯವಾಗಿ ಅಗಲ, ಬರಗಾಲದಲ್ಲಿ ಸಣ್ಣ.

ಆದ್ರೆ ಒಂದೇ ಮರ ನಂಬೋ ಹಾಗಿಲ್ಲ. ಪಕ್ಕದ ಮರದ ನೆರಳು ಬಿದ್ರೂ, ಹುಳ ಎಲೆ ತಿಂದ್ರೂ ಗೆರೆ ಸಣ್ಣ ಆಗತ್ತೆ. ಹಾಗಾಗಿ ವಿಜ್ಞಾನಿಗಳು ಪೆನ್ಸಿಲಿಗಿಂತ ತೆಳ್ಳಗಿನ ಕಡ್ಡಿಯಷ್ಟು ಮರ ಕೊರೆದು ತೆಗೀತಾರೆ, ಮರ ಸಾಯಲ್ಲ. ಹತ್ತಾರು ಮರದ ಗೆರೆ ಪಕ್ಕಪಕ್ಕ ಇಟ್ಟು ಹೊಂದಿಸ್ತಾರೆ, ಎಲ್ಲಾ ಮರದಲ್ಲೂ ಒಟ್ಟಿಗೇ ಸಣ್ಣ ಆಗಿರೋ ವರ್ಷಾನೇ ಬರದ ವರ್ಷ.

ಮರಕ್ಕಿಂತ ಹಿಂದೆ ಹೋಗ್ಬೇಕು ಅಂದ್ರೆ ಬೇರೆ ಸಾಕ್ಷಿ ಬೇಕು. ದೂರ ಯಾಕೆ, ನೀಲಗಿರಿ ಬೆಟ್ಟದಲ್ಲೇ ಇದೆ. ಅಲ್ಲಿ ಗುಡ್ಡದ ಮಧ್ಯೆ ಜೌಗು ತಗ್ಗುಗಳಲ್ಲಿ ಸತ್ತ ಹುಲ್ಲು, ಎಲೆ ಪೂರ್ತಿ ಕೊಳೀದೆ ಕಪ್ಪು ಮಣ್ಣಾಗಿ ಪದರ ಪದರವಾಗಿ ಕೂತಿದೆ. ರಾಗಿ ಜೋಳದ ಥರದ ಹುಲ್ಲುಗಳು ಗಾಳಿಯಿಂದ ಕಾರ್ಬನ್ ಎಳ್ಕೊಳೋ ರೀತಿಯೇ ಬೇರೆ, ಮರಗಿಡಗಳದ್ದೇ ಬೇರೆ, ಆ ವ್ಯತ್ಯಾಸ ಮಣ್ಣಲ್ಲಿ ಉಳ್ಕೊಳತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತವರ ಜೊತೆಗಾರರು 1993ರಲ್ಲಿ ಇದನ್ನ ಓದಿ ತೋರಿಸಿದ್ರು. ಸುಮಾರು 20 ಸಾವಿರ ವರ್ಷದ ಹಿಂದೆ, ಹಿಮಯುಗ ಜೋರಾಗಿದ್ದಾಗ, ಅಲ್ಲಿ ಒಣಹವೆ ಇತ್ತು, ಅಂಥಾ ಹುಲ್ಲೇ ಜಾಸ್ತಿ, ಆಮೇಲೆ ಮಾನ್ಸೂನ್ ಬಲವಾಗಿ ಒದ್ದೆ ಕಾಲ ಬಂತು. ಹಿಡಿ ಮಣ್ಣಲ್ಲಿ ಇಷ್ಟೆಲ್ಲಾ ಇದೆ ಅಂತ ಮೊದಲ ಸಲ ಓದಿದಾಗ ನಂಗೆ ರೋಮಾಂಚನ ಆಗಿತ್ತು.

ಅಂದ್ರೆ ನೀವು ಹೇಳಿದ ಹಾಗೆ ಹವಾಮಾನ ಹಿಂದೆ ಬದಲಾಗಿದೆ, ಹೌದು. ಆದ್ರೆ ಅದನ್ನ ನಮಗೆ ಹೇಳಿದ್ದೇ ಇಂಥಾ ಸಾಕ್ಷಿಗಳು, ಅರ್ಧ ಕೇಳಿ ಅರ್ಧ ಬಿಡೋದು ಸರಿಯಲ್ಲ. ಅಂಟಾರ್ಕ್ಟಿಕಾದಲ್ಲಿ 3 ಕಿಲೋಮೀಟರಿಗಿಂತ ಆಳಕ್ಕೆ ಕೊರೆದು ತೆಗೆದ ಮಂಜುಗಡ್ಡೇಲಿ ಹಳೇ ಗಾಳಿ ಗುಳ್ಳೆ ಗುಳ್ಳೆಯಾಗಿ ಸಿಕ್ಕಿಕೊಂಡಿದೆ, 8 ಲಕ್ಷ ವರ್ಷದಷ್ಟು. ಅಷ್ಟೂ ಕಾಲ, ಭೂಮಿಯ ಬಿಸಿ ಹಿಡಿದಿಡೋ ಕಾರ್ಬನ್ ಡೈಆಕ್ಸೈಡ್ ಗಾಳಿಯ 10 ಲಕ್ಷ ಪಾಲಲ್ಲಿ ಸುಮಾರು 180ರಿಂದ 300ರ ಒಳಗೇ ಓಡಾಡಿದೆ. ಈಗ 420 ದಾಟಿದೆ. ಹಿಮಯುಗ ಮುಗಿಯೋವಾಗ ಸುಮಾರು 80 ಏರೋಕೆ ಸಾವಿರಾರು ವರ್ಷ ಬೇಕಾಯ್ತು, ಈಗ 1958ರಿಂದ ಈಚೆಗೇ 100ಕ್ಕಿಂತ ಜಾಸ್ತಿ ಏರಿದೆ. ಕಾಡು, ಬೆಳೆ, ಕೆರೆ ಈ ಸ್ಪೀಡಿಗೆ ಹೊಂದ್ಕೊಳೋದು ತುಂಬಾ ಕಷ್ಟ, ಗಾಬರಿ ಅದಕ್ಕೆ.

ಈ ಕಾರ್ಬನ್ ಡೈಆಕ್ಸೈಡ್ ನಾವು ಕಲ್ಲಿದ್ದಲು, ಪೆಟ್ರೋಲ್ ಸುಟ್ಟಿದ್ರಿಂದ್ಲೇ ಏರಿದ್ದು ಅಂತ ಹೇಗೆ ಹೇಳ್ತೀರಿ ಅಂತ ಕೇಳಬಹುದು. ಅದಕ್ಕೆ ಉತ್ತರ ಮತ್ತೆ ಮರದಲ್ಲೇ ಇದೆ! ಜೀವಂತ ಗಿಡಮರದಲ್ಲಿ ಗಾಳಿಯಿಂದ ಬಂದ ಕಾರ್ಬನ್-14, ಅಂದ್ರೆ ವಿಕಿರಣ ಸೂಸೋ ಒಂದು ಥರದ ಕಾರ್ಬನ್, ಚೂರು ಇರತ್ತೆ, ಸತ್ತ ಮೇಲೆ ಅದು 5,730 ವರ್ಷಕ್ಕೊಮ್ಮೆ ಅರ್ಧ ಆಗ್ತಾ ಹೋಗತ್ತೆ. ಕೋಟ್ಯಂತರ ವರ್ಷ ಭೂಮಿ ಒಳಗಿದ್ದ ಕಲ್ಲಿದ್ದಲು, ಪೆಟ್ರೋಲಲ್ಲಿ ಅದು ಉಳಿದೇ ಇರಲ್ಲ, ಹಾಗಾಗಿ ಅವನ್ನ ಸುಟ್ಟಷ್ಟೂ ಗಾಳೀಲಿ ಅದರ ಪಾಲು ಕಮ್ಮಿ ಆಗತ್ತೆ. ಹ್ಯಾನ್ಸ್ ಸುವೆಸ್ ಅನ್ನೋ ವಿಜ್ಞಾನಿ 20ನೇ ಶತಮಾನದ ಮರಾನ ಅದಕ್ಕೂ ಹಳೇ ಮರದ ಜೊತೆ ಹೋಲಿಸಿ 1955ರಲ್ಲೇ ಇದನ್ನ ತೋರಿಸಿದ್ರು.

ಬಡಗಿ ಆ ತೊಲೇನ ಬಾಗಿಲಿಗೋ ಕಿಟಕಿಗೋ ಕೊಯ್ಯೋ ಮುಂಚೆ ತುದಿಯಿಂದ ಎರಡು ಇಂಚು ದಪ್ಪದ ತುಂಡು ತೆಗೆಸಿಟ್ಕೊಳಿ. ಒರಟು ಸ್ಯಾಂಡ್‌ಪೇಪರಲ್ಲಿ ಶುರುಮಾಡಿ ನುಣುಪಿನದ್ರಲ್ಲಿ ಮುಗಿಸಿ, ಒದ್ದೆ ಬಟ್ಟೇಲಿ ಒರೆಸಿ, ಭೂತಗನ್ನಡಿ ಹಿಡಿದು ಮಗಳ ಜೊತೆ ಎಣಿಸಿ. ತೊಲೆ ಕೊಯ್ಯೋವಾಗ ಹೊರಗಿನ ಬಿಳಿ ಮರ ಸಾಮಾನ್ಯವಾಗಿ ಕೆತ್ತಿ ತೆಗೆದಿರ್ತಾರೆ, ಅದರ ಜೊತೆ ಕೊನೇ ವರ್ಷಗಳ ಗೆರೆಗಳೂ ಹೋಗಿರತ್ತೆ, ಹಾಗಾಗಿ ಯಾವ ಗೆರೆ ಯಾವ ಇಸವಿದು ಅಂತ ಮನೇಲಿ ಹೇಳೋಕಾಗಲ್ಲ, ಆದ್ರೆ ಸತತ ಮೂರ್ನಾಲ್ಕು ವರ್ಷ ಮರ ಕಷ್ಟಪಟ್ಟಿದ್ದು ಎಲ್ಲಿ ಅಂತ ಬೆರಳಿಟ್ಟು ತೋರಿಸಬಹುದು.