ಹಸಿರು ಪುಡಿ ಅಣು ಧೂಳನ್ನು ತಡೆಯುತ್ತಾ?

ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಪ್ರಶ್ನೆ: ಮೇಡಂ, ನಮ್ದು ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿ. ಜಿಲ್ಲೆಗೆ ಅಣುವಿದ್ಯುತ್ ಸ್ಥಾವರ ಬರುತ್ತೆ ಅನ್ನೋ ಮಾತು ಶುರುವಾದಾಗಿನಿಂದ ಮನೆಯಲ್ಲಿ ಎಲ್ಲರಿಗೂ ಒಂದು ಥರ ಭಯ. ಟಿವಿ ಹಚ್ಚಿದರೆ ಯುದ್ಧದ ಸುದ್ದಿ ಬೇರೆ. ಹೋದ ತಿಂಗಳು ಪಕ್ಕದ ಮನೆಯಲ್ಲಿ ಒಂದು ಮೀಟಿಂಗ್ ಇಟ್ಟಿದ್ದರು. ಯಾರೋ ಒಬ್ಬರು ಬಂದು, ರೇಡಿಯೇಷನ್ ಬಿದ್ದರೂ ಏನೂ ಆಗಲ್ಲ, ಎಲ್ಲಾ ನ್ಯಾಚುರಲ್ ಅಂತ ಹೇಳಿ ಸ್ಪಿರುಲಿನಾ ಅನ್ನೋ ಹಸಿರು ಪುಡಿ, ಸಮುದ್ರ ಪಾಚಿಯ ಮಾತ್ರೆ, ಅಶ್ವಗಂಧ-ತುಳಸಿ ಕ್ಯಾಪ್ಸೂಲ್ ಮೂರೂ ಸೇರಿಸಿ 3,600 ರೂಪಾಯಿಗೆ ಒಂದು ಸೆಟ್ ಕೊಟ್ಟರು. ನಮ್ಮತ್ತೆ ಎರಡು ಸೆಟ್ ತಗೊಂಡಿದ್ದಾರೆ. ನನ್ನ ನಾದಿನಿ ಐದು ತಿಂಗಳ ಬಸುರಿ, ಅವಳಿಗೂ ದಿನಾ ಕೊಡು ಅಂತಾರೆ. ಸಗಣಿ ಸಾರಿಸಿದ ಮನೆಯೊಳಗೆ ರೇಡಿಯೇಷನ್ ಬರಲ್ಲ ಅಂತಲೂ ಹೇಳಿದರು. ಡಬ್ಬಿಗಳ ಫೋಟೋ ಕಳಿಸಿದ್ದೀನಿ. ಕೊಡಬಹುದಾ? (ಹೆಸರು ಹಾಕಬೇಡಿ)

ಉತ್ತರ: ಮೊದಲು ನಾದಿನಿಯ ವಿಷಯ. ಅವರಿಗೆ ಆ ಅಶ್ವಗಂಧ ಕ್ಯಾಪ್ಸೂಲ್ ಕೊಡಲೇಬೇಡಿ. ಬಸುರಿಯರಿಗೆ ಅದು ಬೇಡ ಅಂತಲೇ ಡಾಕ್ಟರುಗಳು ಹೇಳೋದು. ಅದನ್ನು ತಗೊಂಡು ಲಿವರ್‌ಗೆ ಪೆಟ್ಟು ಬಿದ್ದ ಕೇಸುಗಳೂ ವರದಿಯಾಗಿವೆ. ಪಾಚಿ ಮಾತ್ರೆಯೂ ಬೇಡ. ಅಯೋಡಿನ್ ಜಾಸ್ತಿಯಾದರೆ ತಾಯಿಯ ಥೈರಾಯ್ಡ್ ಜೊತೆಗೆ ಹೊಟ್ಟೆಯಲ್ಲಿರೋ ಕೂಸಿನ ಥೈರಾಯ್ಡೂ ಕೆಡಬಹುದು. ಈಗಾಗಲೇ ಒಂದೆರಡು ದಿನ ತಗೊಂಡಿದ್ದರೆ ಗಾಬರಿ ಬೇಡ. ನಿಲ್ಲಿಸಿ, ಮುಂದಿನ ಚೆಕಪ್‌ನಲ್ಲಿ ಡಾಕ್ಟರಿಗೆ ಡಬ್ಬಿ ತೋರಿಸಿ.

ಸ್ಥಾವರ ಬರಬೇಕಾ ಬೇಡವಾ ಅನ್ನೋದು ದೊಡ್ಡ ಚರ್ಚೆ, ಅದನ್ನು ಊರವರೇ ಕೂತು ಮಾತಾಡಬೇಕು. ಆದರೆ ಆ ಭಯ ಹಿಡಿದುಕೊಂಡು ಮನೆ ಮನೆಗೆ ಡಬ್ಬಿ ಮಾರೋದಿದೆಯಲ್ಲ, ಅದನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ಎರಡು ಸೆಟ್ ಅಂದರೆ 7,200 ರೂಪಾಯಿ. ಅಷ್ಟು ದುಡ್ಡಿಗೆ ನಿಮ್ಮ ಮನೆಗೆ ಎಷ್ಟು ತಿಂಗಳ ಜೋಳ ಬರುತ್ತೆ ಅಂತ ನೀವೇ ಲೆಕ್ಕ ಹಾಕಿ.

ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಪಾಚಿ ಮಾತ್ರೆಯ ಡಬ್ಬಿ ಹಿಂದೆ ಸಣ್ಣ ಅಕ್ಷರದಲ್ಲಿ, ಒಂದು ಮಾತ್ರೆಯಲ್ಲಿ 150 ಮೈಕ್ರೋಗ್ರಾಂ ಅಯೋಡಿನ್ ಅಂತ ಇದೆ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ನೇ ಅಷ್ಟು. ಅದು ನಿಮ್ಮ ಸಾರಿನ ಉಪ್ಪಿನಲ್ಲೇ ಬರುತ್ತೆ.

ಈಗ ಅಣು ಅಪಘಾತ ಆದಾಗ ಏನಾಗುತ್ತೆ ಅಂತ ಹೇಳ್ತೀನಿ. ಗಾಳಿಯಲ್ಲಿ ಹಾರಿ ಬರೋ ಧೂಳಿನಲ್ಲಿ ಹಲವು ಥರದ ವಸ್ತು ಇರುತ್ತವೆ. ಅದರಲ್ಲಿ ಒಂದು ಅಯೋಡಿನ್-131. ನಮ್ಮ ಗಂಟಲ ಮುಂದಿರೋ ಥೈರಾಯ್ಡ್ ಗ್ರಂಥಿಗೆ ಒಳ್ಳೆ ಅಯೋಡಿನ್ ಯಾವುದು, ವಿಕಿರಣ ಇರೋ ಅಯೋಡಿನ್ ಯಾವುದು ಅಂತ ಗೊತ್ತಾಗಲ್ಲ. ಸಿಕ್ಕಿದ್ದನ್ನು ಎಳೆದುಕೊಳ್ಳುತ್ತೆ. ಅದಕ್ಕೇ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಕೊಡೋದು. ಕೆಟ್ಟದ್ದು ಬರೋ ಮೊದಲೇ ಒಳ್ಳೆಯದರಿಂದ ಗ್ರಂಥಿಯನ್ನು ತುಂಬಿಬಿಟ್ಟರೆ ಒಳಗೆ ಜಾಗ ಇರಲ್ಲ. ದೊಡ್ಡವರಿಗೆ 130 ಮಿಲಿಗ್ರಾಂ, 3ರಿಂದ 18 ವರ್ಷದವರಿಗೆ 65, ಒಂದು ತಿಂಗಳಿಂದ 3 ವರ್ಷದ ಮಕ್ಕಳಿಗೆ 32, ಅದಕ್ಕಿಂತ ಎಳೆ ಕೂಸಿಗೆ 16. ದೊಡ್ಡವರ ಮಾತ್ರೆಯಲ್ಲಿ ಅಯೋಡಿನ್ ಎಷ್ಟು ಅಂದರೆ 100 ಮಿಲಿಗ್ರಾಂ, ಅಂದರೆ ಒಂದು ಲಕ್ಷ ಮೈಕ್ರೋಗ್ರಾಂ. ನಿಮ್ಮತ್ತೆ ತಗೊಂಡ ಪಾಚಿ ಮಾತ್ರೆಯಿಂದ ಅಷ್ಟು ಸಿಗಬೇಕಾದರೆ ಒಂದೇ ಸಲಕ್ಕೆ 660ಕ್ಕೂ ಜಾಸ್ತಿ ಮಾತ್ರೆ ನುಂಗಬೇಕು. ಉಪ್ಪಿನ ಲೆಕ್ಕವೂ ಹಾಗೇ. ಅಂಗಡಿಯ ಅಯೋಡಿನ್ ಉಪ್ಪಿನಲ್ಲಿ ಕೆ.ಜಿ.ಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕು ಅಂತ ನಿಯಮ, ಆ ಲೆಕ್ಕದಲ್ಲಿ ಆರು ಕೆ.ಜಿ.ಗೂ ಜಾಸ್ತಿ ಉಪ್ಪು ತಿನ್ನಬೇಕಾಗುತ್ತೆ, ಅಷ್ಟು ತಿಂದರೆ ಉಪ್ಪೇ ಪ್ರಾಣ ತೆಗೆಯುತ್ತೆ. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಸ್ಥಾವರ ಕೆಟ್ಟಾಗ ಚೀನಾದಲ್ಲಿ ಜನ ಸಾಲುಗಟ್ಟಿ ನಿಂತು ಉಪ್ಪಿನ ಚೀಲ ಹೊತ್ತೊಯ್ದರು. ಪಾಪ, ಯಾರಿಗೂ ಉಪಯೋಗ ಆಗಲಿಲ್ಲ. ಗಾಯಕ್ಕೆ ಹಚ್ಚೋ ಅಯೋಡಿನ್ ಔಷಧಿಯನ್ನಂತೂ ಯಾವತ್ತೂ ಕುಡಿಯಬೇಡಿ.

ಈ ಅಯೋಡೈಡ್ ಮಾತ್ರೆಗೂ ಹೊತ್ತು ಗೊತ್ತು ಇದೆ. ಧೂಳು ಬರೋ ಮೊದಲಿನ 24 ಗಂಟೆಯೊಳಗೆ, ಇಲ್ಲಾ ಬಂದ ಎರಡು ತಾಸಿನೊಳಗೆ ತಗೊಂಡರೆ ಒಳ್ಳೆಯದು. ಎಂಟು ತಾಸಿನವರೆಗೂ ಸ್ವಲ್ಪ ಕೆಲಸ ಮಾಡುತ್ತೆ. ಒಂದು ದಿನ ಕಳೆದ ಮೇಲೆ ತಗೊಂಡರೆ ಒಳಗೆ ಸೇರಿದ ಕೆಟ್ಟ ಅಯೋಡಿನ್ ಹೊರಗೆ ಹೋಗೋದೇ ತಡ ಆಗುತ್ತೆ. ದಿನಾ ಮುಂಜಾಗ್ರತೆಗೆ ಅಂತ ತಿನ್ನೋ ಮಾತ್ರೆ ಅಲ್ಲವೇ ಅಲ್ಲ. ಯಾವಾಗ ತಗೋಬೇಕು ಅಂತ ಸರ್ಕಾರದವರೇ ಹೇಳ್ತಾರೆ. ನಮ್ಮ ದೇಶದಲ್ಲಿ ಸ್ಥಾವರದ ಸುತ್ತ 16 ಕಿ.ಮೀ. ತುರ್ತು ಯೋಜನೆಯ ವಲಯ ಅಂತ ಇರುತ್ತೆ, ಅಲ್ಲಿಯವರಿಗಾಗಿ ಈ ಮಾತ್ರೆ ತೆಗೆದಿಟ್ಟಿರ್ತಾರೆ. ನಮಗೆ ಈಗ ಹತ್ತಿರದ ಸ್ಥಾವರ ಅಂದರೆ ಕೈಗಾ, ಅದು ಕೊಪ್ಪಳದಿಂದ ನೇರ ಗೆರೆ ಎಳೆದರೂ ಸುಮಾರು 190 ಕಿ.ಮೀ. ಮತ್ತೊಂದು ಮಾತು: ಈ ಮಾತ್ರೆ ಕಾಯೋದು ಥೈರಾಯ್ಡ್ ಒಂದನ್ನೇ. ಅದೇ ಧೂಳಿನಲ್ಲಿ ಬರೋ ಬೇರೆ ವಿಕಿರಣ ವಸ್ತುಗಳಾದ ಸೀಸಿಯಂ, ಸ್ಟ್ರಾನ್ಷಿಯಂ ಇವುಗಳ ಮುಂದೆ ಅದರ ಆಟ ನಡೆಯಲ್ಲ. ಸೀಸಿಯಂ ಹೊಟ್ಟೆಗೆ ಹೋದರೆ ಪ್ರಷ್ಯನ್ ಬ್ಲೂ ಅಂತ ಬೇರೆ ಔಷಧಿ ಇದೆ. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ ಗುಜರಿಯವರು ಆಸ್ಪತ್ರೆಯ ಹಳೇ ಮೆಷಿನ್ ಒಡೆದು ಸೀಸಿಯಂ ಹೊರಗೆ ಬಂದಾಗ 46 ಜನರಿಗೆ ಅದನ್ನೇ ಕೊಟ್ಟರು. ಅದೂ ಆಸ್ಪತ್ರೆಯಲ್ಲಿ, ಡಾಕ್ಟರ್ ಕಣ್ಣೆದುರು.

ಹಾಗಾದರೆ ಸ್ಪಿರುಲಿನಾ, ತುಳಸಿ ಎಲ್ಲ ಸುಳ್ಳಾ ಅಂತ ಕೇಳ್ತೀರಿ. ತುಳಸಿ ಬಗ್ಗೆ ನಮ್ಮ ಮಣಿಪಾಲದಲ್ಲೇ ಸಂಶೋಧನೆ ಆಗಿದೆ. ತುಳಸಿ ಎಲೆಯಿಂದ ತೆಗೆದ ಸಾರವನ್ನು ಇಲಿಗಳಿಗೆ ಚುಚ್ಚಿ, ಆಮೇಲೆ ಗಾಮಾ ಕಿರಣ ಅನ್ನೋ ಜೋರಾದ ವಿಕಿರಣ ಬಿಟ್ಟಾಗ ಅವು ಹೆಚ್ಚು ತಡೆದುಕೊಂಡವು. ಒಳ್ಳೆ ಕೆಲಸ ಅದು. ಆದರೆ ಇಲಿಗೆ ಲೆಕ್ಕ ಹಾಕಿ ಚುಚ್ಚಿದ ಸಾರ ಬೇರೆ, ನಾವು ನುಂಗೋ ಕ್ಯಾಪ್ಸೂಲ್ ಬೇರೆ. ಜೊತೆಗೆ ಧೂಳಿನ ಜೊತೆ ಹೊಟ್ಟೆಗೆ ಹೋಗಿ ತಿಂಗಳುಗಟ್ಟಲೆ ಒಳಗೇ ಕೂರೋ ಸೀಸಿಯಂ ಇನ್ನೂ ಬೇರೆ. 1986ರಲ್ಲಿ ಅಣು ಸ್ಥಾವರ ಸಿಡಿದ ಚೆರ್ನೋಬಿಲ್‌ನ ಮಕ್ಕಳು ಸ್ಪಿರುಲಿನಾದಿಂದ ವಾಸಿಯಾದರು ಅಂತ ಎಲ್ಲ ಡಬ್ಬಿಯವರೂ ಹೇಳ್ತಾರೆ. ಅದನ್ನು ನಂಬಿ ಒಬ್ಬ ರೋಗಿಗೆ ಬರೆದುಕೊಡುವಷ್ಟು ಗಟ್ಟಿ ಆಧಾರ ಅದಕ್ಕಿಲ್ಲ. ನ್ಯಾಚುರಲ್ ಅಂದ ತಕ್ಷಣ ಕೆಡುಕಿಲ್ಲ ಅಂತಲೂ ಅಲ್ಲ. ಬೀಟಾ ಕ್ಯಾರೋಟಿನ್ ಗಜ್ಜರಿಯಲ್ಲಿ ಇರೋದೇ ಅಲ್ವಾ? ಫಿನ್ಲೆಂಡಿನಲ್ಲಿ 29,000ಕ್ಕೂ ಜಾಸ್ತಿ ಸಿಗರೇಟ್ ಸೇದೋ ಗಂಡಸರ ಮೇಲೆ ಪ್ರಯೋಗ ಮಾಡಿ 1994ರಲ್ಲಿ ಲೆಕ್ಕ ತೆಗೆದಾಗ, ಅದರ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 18ರಷ್ಟು ಜಾಸ್ತಿಯೇ ಆಗಿತ್ತು.

ದಿನದ ಊಟದಲ್ಲಿ ನಿಜಕ್ಕೂ ಕೆಲಸಕ್ಕೆ ಬರೋದು ಒಂದಿದೆ, ಅದೇ ಮಾಮೂಲಿ ಅಯೋಡಿನ್ ಉಪ್ಪು. ಅಪಘಾತದ ದಿನ ಅಲ್ಲ, ಅದಕ್ಕೂ ಮೊದಲಿನ ವರ್ಷಗಳಲ್ಲಿ. ಚೆರ್ನೋಬಿಲ್ ಸುತ್ತ ಅಯೋಡಿನ್ ಕಡಿಮೆ ಇದ್ದ ಪ್ರದೇಶದ ಮಕ್ಕಳಿಗೆ ವಿಕಿರಣದಿಂದ ಥೈರಾಯ್ಡ್ ಕ್ಯಾನ್ಸರ್ ಬರೋ ಅಪಾಯ ಬೇರೆ ಮಕ್ಕಳಿಗಿಂತ ಸುಮಾರು ಮೂರು ಪಟ್ಟು ಇತ್ತು. ಹಸಿದ ಗ್ರಂಥಿ ಜಾಸ್ತಿ ಎಳೆದುಕೊಂಡಿತು. ಈಗ ನಮ್ಮ ಕಡೆ ಎಷ್ಟೋ ಮನೆಯಲ್ಲಿ, ನ್ಯಾಚುರಲ್ ಅಂತ ಹೇಳಿ ಅಯೋಡಿನ್ ಉಪ್ಪು ಬಿಟ್ಟು ಸೈಂಧವ ಲವಣಕ್ಕೆ ಹೋಗಿದ್ದಾರೆ. ದಯವಿಟ್ಟು ವಾಪಸ್ ಬನ್ನಿ. ಮುಚ್ಚಳ ಇರೋ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ.

ಇನ್ನು ಸಗಣಿ. ಸಗಣಿ ಸಾರಿಸಿದ ತೆಳು ಪದರಕ್ಕೆ ಗಾಮಾ ಕಿರಣ ನಿಲ್ಲಲ್ಲ. ಆದರೆ ಸಗಣಿಯ ಹಿಂದಿರೋ ಗೋಡೆ ಇದೆಯಲ್ಲ, ಅದು ನಿಜವಾದ ರಕ್ಷಣೆ. ಗಟ್ಟಿಯಾಗಿ ಬಡಿದ ಮಣ್ಣು ಸುಮಾರು 9 ಸೆಂಟಿಮೀಟರ್ ದಪ್ಪ ಇದ್ದರೆ ಕಿರಣ ಅರ್ಧ ಆಗುತ್ತೆ. ಮತ್ತೆ 9 ಸೆಂಟಿಮೀಟರಿಗೆ ಉಳಿದ ಅರ್ಧದಲ್ಲಿ ಅರ್ಧ. ನಮ್ಮ ಕಡೆಯ ಹಳೇ ಮಾಳಿಗೆ ಮನೆಯ ಎರಡು ಅಡಿ ಮಣ್ಣಿನ ಗೋಡೆ ದಾಟೋ ಹೊತ್ತಿಗೆ ನೂರರಲ್ಲಿ ಒಂದು ಭಾಗ ಉಳಿದರೆ ಹೆಚ್ಚು. ತಗಡಿನ ಶೆಡ್ಡಿನಲ್ಲಿ ಕೂತರೆ ಈ ಲಾಭ ಇಲ್ಲ. ಹಾಗಾಗಿ ಅಂಥ ಹೊತ್ತು ಬಂದರೆ ಮನೆಯ ನಡುವಿನ ಕೋಣೆಗೆ, ಕಿಟಕಿಯಿಂದ ದೂರ ಹೋಗಿ, ಬಾಗಿಲು ಮುಚ್ಚಿಕೊಂಡು ಕೂರೋದು. ಅಣುಬಾಂಬಿನ ಧೂಳಾದರೆ ಅದರ ಬಿರುಸು ಬೇಗ ಇಳಿಯುತ್ತೆ. ಸಿಡಿದ ಒಂದು ತಾಸಿಗೆ ಇದ್ದದ್ದು ಏಳು ತಾಸಿಗೆ ಹತ್ತರಲ್ಲಿ ಒಂದು, ಎರಡು ದಿನಕ್ಕೆ ನೂರರಲ್ಲಿ ಒಂದು. ಮೊದಲ ದಿನ ಹೊರಗೆ ಬರದೇ ಇರೋದೇ ದೊಡ್ಡ ಔಷಧಿ.

ಧೂಳು ಅಂದರೆ ನಮಗೆ ಬೇರೆಯವರು ಕಲಿಸಬೇಕಾ? ನನ್ನ ತವರು ಕಾರ್ಖಾನೆಗಳಿರೋ ಗಿಣಿಗೇರಿ ಕಡೆ. ನಮ್ಮವ್ವ ದಿನಾ ಬೆಳಿಗ್ಗೆ ತುಳಸಿ ಕಟ್ಟೆಯ ಮೇಲಿನ ಕರಿ ಧೂಳನ್ನು ಒಣ ಪೊರಕೆಯಿಂದ ಗುಡಿಸಲ್ಲ, ಗುಡಿಸಿದರೆ ಎದ್ದು ಮೂಗಿಗೆ ಬರುತ್ತೆ ಅಂತ ಒದ್ದೆ ಅರಿವೆಯಲ್ಲಿ ಒಂದೇ ಕಡೆಗೆ ಎಳೆದು ಒರೆಸುತ್ತಾಳೆ, ಅರಿವೆ ಮಡಚಿ ಮತ್ತೊಂದು ಮಗ್ಗುಲಿಂದ ಮತ್ತೆ ಎಳೆಯುತ್ತಾಳೆ. ಅಣು ಧೂಳಿಗೂ ಇದೇ ಕ್ರಮ. ಹೊರಗಿನಿಂದ ಬಂದವರು ಬಾಗಿಲ ಹತ್ತಿರವೇ ಮೇಲಿನ ಬಟ್ಟೆ ಬಿಚ್ಚಿ ಚೀಲದಲ್ಲಿ ಕಟ್ಟಿ ದೂರ ಇಡಬೇಕು, ಅಷ್ಟರಲ್ಲೇ ಮೈಮೇಲಿನ ಹೆಚ್ಚಿನ ಧೂಳು ಹೋಗಿರುತ್ತೆ. ಆಮೇಲೆ ಸೋಪು, ನೀರು. ಚರ್ಮ ತಿಕ್ಕಿ ಗಾಯ ಮಾಡ್ಕೋಬೇಡಿ.

ಕಡೆಗೆ ಹಾಲು, ಇದನ್ನು ಮಾತ್ರ ಮರೆಯಬೇಡಿ. 1986ರ ಏಪ್ರಿಲ್ 26ಕ್ಕೆ ಚೆರ್ನೋಬಿಲ್ ಸಿಡಿದಾಗ ಧೂಳು ಹುಲ್ಲಿನ ಮೇಲೆ ಬಿತ್ತು, ಹುಲ್ಲನ್ನು ಹಸು ತಿಂತು, ಆ ಹಾಲನ್ನು ಮಕ್ಕಳು ಕುಡಿದರು. 2005ರ ಹೊತ್ತಿಗೆ, ಆಗ ಮಕ್ಕಳಾಗಿದ್ದವರಲ್ಲಿ 6,000ಕ್ಕೂ ಜಾಸ್ತಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗಿತ್ತು. ಪಕ್ಕದ ಪೋಲೆಂಡಿನಲ್ಲಿ ಒಂದು ಕೋಟಿಗೂ ಜಾಸ್ತಿ ಮಕ್ಕಳಿಗೆ ಕೆಲವೇ ದಿನದಲ್ಲಿ ಅಯೋಡಿನ್ ಕುಡಿಸಿ, ಹಾಲಿನ ಮೇಲೂ ಕಡಿವಾಣ ಹಾಕಿದರು. ನಮ್ಮ ಲೆಕ್ಕದಲ್ಲಿ ಹೇಳಬೇಕಾದರೆ, ಎಮ್ಮೆಯನ್ನು ಹೊರಗೆ ಮೇಯಲು ಬಿಡದೆ ಕೊಟ್ಟಿಗೆಯಲ್ಲೇ ಕಟ್ಟಿ, ತಾಡಪತ್ರಿ ಮುಚ್ಚಿದ ಬಣವೆಯ ಒಳಗಿನ ಕಣಿಕೆ ಹಾಕೋದು. ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧ ಆಗುತ್ತಾ ಹೋಗುತ್ತೆ, 80 ದಿನಕ್ಕೆ ಸಾವಿರದಲ್ಲಿ ಒಂದು ಭಾಗ. ಅಲ್ಲಿಯವರೆಗೆ ಮಕ್ಕಳಿಗೆ ಹಳೇ ಹಾಲಿನ ಪುಡಿ. ಚೀಲದೊಳಗಿನ ಜೋಳ, ಹಗೇವಿನ ಕಾಳು, ಮುಚ್ಚಿದ ಬೋರ್‌ವೆಲ್ ನೀರು ಇವಕ್ಕೆ ಧೂಳು ತಾಗಿರಲ್ಲ, ಭಯ ಬೇಡ.

ಅತ್ತೆಯವರ ಮೇಲೆ ಸಿಟ್ಟಾಗಬೇಡಿ, ಅವರು ನಿಮ್ಮೆಲ್ಲರ ಮೇಲಿನ ಕಾಳಜಿಗೇ ತಗೊಂಡಿದ್ದು. ಬಿಲ್ ಇದ್ದರೆ ಒಡೆಯದ ಸೆಟ್ಟು ವಾಪಸ್ ಕೇಳಿ.

ಪ್ರಶ್ನೆ: ನಮ್ಮಪ್ಪನಿಗೆ ಗಂಟಲು ಕ್ಯಾನ್ಸರ್, ರೇಡಿಯೇಷನ್ ಕೊಡಿಸ್ತಿದ್ದೀವಿ. ರೇಡಿಯೇಷನ್ ವಿಷ ಇಳಿಯಲಿ ಅಂತ ಪರಿಚಯದವರು ವಿಟಮಿನ್ ಇ ಮತ್ತೆ ಅರಿಶಿನದ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ಮನೆಯಲ್ಲಿ ಮಕ್ಕಳನ್ನು ಅವರ ಹತ್ತಿರ ಬಿಡ್ತಿಲ್ಲ, ಅಪ್ಪ ಒಬ್ಬರೇ ಪಡಸಾಲೆಯಲ್ಲಿ ಮಲಗ್ತಾರೆ. — ರಾಯಚೂರು

ಉತ್ತರ: ಇವತ್ತೇ ಮಕ್ಕಳನ್ನು ತಾತನ ಹತ್ತಿರ ಕೂರಿಸಿ. ಹೊರಗಿನಿಂದ ಮೆಷಿನ್ನಿನಲ್ಲಿ ಕೊಡೋ ರೇಡಿಯೇಷನ್, ಮೆಷಿನ್ ಬಂದ್ ಆದ ಕೂಡಲೇ ಮುಗೀತು. ಮೈಯಲ್ಲಿ ಉಳಿಯಲ್ಲ, ಯಾರಿಗೂ ಹತ್ತಲ್ಲ. ಥೈರಾಯ್ಡ್ ಕಾಯಿಲೆಗೆ ಅಯೋಡಿನ್-131 ಕುಡಿಸಿದಂಥ ಸಂದರ್ಭದಲ್ಲಿ ಕೆಲವು ದಿನ ದೂರ ಇರಿ ಅಂತ ಆಸ್ಪತ್ರೆಯವರೇ ಹೇಳ್ತಾರೆ, ನಿಮ್ಮಪ್ಪನ ಚಿಕಿತ್ಸೆ ಅದಲ್ಲ.

ಕ್ಯಾಪ್ಸೂಲ್ ಬೇಡ. ಅಲ್ಲಿ ಕೊಡೋ ರೇಡಿಯೇಷನ್ ವಿಷ ಅಲ್ಲ, ಕ್ಯಾನ್ಸರ್ ಗಡ್ಡೆಯನ್ನು ಸುಡೋ ಔಷಧಿ. ಕೆನಡಾದಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿಗೆ ರೇಡಿಯೇಷನ್ ತಗೊಂಡ 540 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ವಿಟಮಿನ್ ಇ ಮಾತ್ರೆ ತಗೊಂಡವರ ಪರಿಸ್ಥಿತಿ ಔಷಧಿ ಇಲ್ಲದ ಖಾಲಿ ಮಾತ್ರೆ ತಗೊಂಡವರಿಗಿಂತ ಕೆಟ್ಟದಾಯ್ತು, ಸಾವೂ ಜಾಸ್ತಿ ಆದವು. ಸಾರಿನಲ್ಲಿ ಹಾಕೋ ಚಿಟಿಕೆ ಅರಿಶಿನಕ್ಕೆ ಅಡ್ಡಿ ಇಲ್ಲ. ನುಂಗಲು ಕಷ್ಟ ಆಗ್ತಿರುತ್ತೆ, ಮೆತ್ತಗಿನ ಅನ್ನ, ಬೇಳೆ ಕಟ್ಟು, ಮೊಟ್ಟೆ, ಆರಿದ ಜೋಳದ ಅಂಬಲಿ ಸ್ವಲ್ಪ ಸ್ವಲ್ಪ ಕೊಡಿ, ಖಾರ ಬೇಡ. ತಂಬಾಕು, ಗುಟ್ಕಾ ಚಟ ಇದ್ದರೆ ಪೂರ್ತಿ ಬಿಡಿಸಿ.

ಪ್ರಶ್ನೆ: ಮೊಬೈಲ್ ಹಿಂದೆ ಸಗಣಿಯ ಚಿಪ್ ಅಂಟಿಸಿದರೆ ರೇಡಿಯೇಷನ್ ಕಡಿಮೆ ಆಗುತ್ತಾ? — ಬಳ್ಳಾರಿ

ಉತ್ತರ: ಇಲ್ಲ. ಮೊಬೈಲಿನದ್ದು ರೇಡಿಯೋ ಅಲೆ, ಮೇಲೆ ಹೇಳಿದ ಗಾಮಾ ಕಿರಣದ ಜಾತಿಯ ಶಕ್ತಿ ಅದಕ್ಕಿಲ್ಲ. ನಿಜವಾಗಿ ಅಲೆ ತಡೆಯೋ ಚಿಪ್ ಇದ್ದಿದ್ದರೆ ಫೋನಿಗೆ ಸಿಗ್ನಲ್ಲೇ ಸಿಗ್ತಿರಲಿಲ್ಲ. ಮನಸ್ಸಿಗೆ ಕಿರಿಕಿರಿ ಅನಿಸಿದರೆ ಇಯರ್‌ಫೋನ್ ಹಾಕಿ ಮಾತಾಡಿ, ರಾತ್ರಿ ಫೋನನ್ನು ದಿಂಬಿನ ಕೆಳಗೆ ಇಡದೆ ಗೂಡಿನಲ್ಲಿ ಇಡಿ, ನಿದ್ದೆಯಾದರೂ ಸರಿಯಾಗಿ ಬರುತ್ತೆ.