ಗೇಟಿನಲ್ಲಿ ‘ಆಂಟಿ’ ಅಂದರು

ಪ್ರಶ್ನೆ: ನನಗೆ 47 ವರ್ಷ. ಊರು ದಾವಣಗೆರೆ, ಬೆಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸ. 2001ರ ಡಿಸೆಂಬರ್‌ನಲ್ಲಿ ಸ್ನೇಹಿತರ ಜೊತೆ ರಾತ್ರಿ ಬಸ್ಸು ಹತ್ತಿ ಗೋವಾಕ್ಕೆ ಹೋಗಿ, ಅಂಜುನಾದಲ್ಲಿ ಬೆಳಗಾಗುವವರೆಗೆ ಕುಣಿದಿದ್ದೆ. ಆವತ್ತು ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ. ಈಗಲೂ ಎರಡು ತಿಂಗಳಿಗೊಮ್ಮೆ ಟೆಕ್ನೋ (ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತ) ಪಾರ್ಟಿಗೆ ಹೋಗುತ್ತೇನೆ. ಒಂದು ಬಿಯರ್, ಅಷ್ಟೇ. ಉಳಿದದ್ದೆಲ್ಲ ಎಂದೋ ಬಿಟ್ಟಾಯಿತು. ಗಂಡನಿಗೆ ಗೊತ್ತು, ಅವರ ತಕರಾರಿಲ್ಲ. ಅತ್ತೆಗೆ ಮಾತ್ರ ‘ಆಡಿಟ್ ಇದೆ’ ಅಂತ ಹೇಳಿ ಹೊರಡುತ್ತೇನೆ. ನಾವು ಐದು ಜನ ಇದ್ದೆವು. ಒಬ್ಬಳು ಕೆನಡಾ ಸೇರಿದಳು, ಇಬ್ಬರು ಮಂಡಿನೋವು ಅಂತಾರೆ, ಒಬ್ಬ ಕೋವಿಡ್‌ನಲ್ಲಿ ಹೋಗಿಬಿಟ್ಟ. ಈಗ ಒಬ್ಬಳೇ ಹೋಗುತ್ತೇನೆ. ಹೋದ ತಿಂಗಳು ಗೇಟಿನಲ್ಲಿದ್ದ ಹುಡುಗ, ‘ಆಂಟಿ, ಯಾರನ್ನಾದ್ರೂ ಪಿಕಪ್ ಮಾಡೋಕೆ ಬಂದ್ರಾ?’ ಅಂದ. ಹಿಂದೆ ನಿಂತಿದ್ದವರು ನಕ್ಕರು. ಒಳಗೆ ಹೋದರೆ 22 ವರ್ಷದ ಮಗಳು ತನ್ನ ಸ್ನೇಹಿತರ ಜೊತೆ! ಮಾರನೇ ದಿನ ವಾಟ್ಸಾಪ್‌ನಲ್ಲಿ ‘ಅಮ್ಮಾ ಪ್ಲೀಸ್, ಅಲ್ಲಿಗೆ ಬರಬೇಡ’ ಎಂದು ಬರೆದಿದ್ದಾಳೆ. ನಾನಿನ್ನೂ ಉತ್ತರಿಸಿಲ್ಲ. ಇದನ್ನೆಲ್ಲ ನಿಲ್ಲಿಸುವ ವಯಸ್ಸು ಬಂತಾ? ಅಂದಹಾಗೆ, ಆಮೇಲೆ ಎರಡು ದಿನ ಕಿವಿ ಗುಂಯ್ ಅನ್ನುತ್ತಿತ್ತು.
— ಹೆಸರು ಬೇಡ, ಬೆಂಗಳೂರು

ಉತ್ತರ: ನೀವು ‘ಅಂದಹಾಗೆ’ ಅಂತ ಕೊನೆಗೆ ಸೇರಿಸಿದ ಮಾತನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಮಿಕ್ಕದ್ದೆಲ್ಲ ನಾಳೆ ಮಾತಾಡಿದರೂ ನಡೆಯುತ್ತದೆ, ಕಿವಿ ಕಾಯುವುದಿಲ್ಲ.

ನೀವು ಬ್ಯಾಂಕಿನವರು, ಲೆಕ್ಕದಲ್ಲೇ ಹೇಳುತ್ತೇನೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಅನ್ನುವುದು ಸಾಮಾನ್ಯವಾಗಿ ಹಿಡಿಯುವ ಮಿತಿ. ಅಲ್ಲಿಂದ ಮೂರು ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಹೀಗೇ ಇಳಿಸುತ್ತಾ ಹೋದರೆ 100ಕ್ಕೆ ಉಳಿಯುವುದು 15 ನಿಮಿಷ. ಸ್ಪೀಕರ್ ಮುಂದೆ ನಿಂತವರಿಗೆ 100 ದೊಡ್ಡ ಸಂಖ್ಯೆಯೇನಲ್ಲ. ನೀವು ಅಲ್ಲಿ ಗಂಟೆಗಟ್ಟಲೆ ಕುಣಿದಿರುತ್ತೀರಿ. ಒಳಗಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಸೂಕ್ಷ್ಮ ಕೋಶಗಳಿವೆ. ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಗುಂಯ್ ಅನ್ನುವ ಸದ್ದು ಎರಡು ದಿನದಲ್ಲಿ ನಿಂತಿತು ಅಂದರೆ ಏನೂ ಆಗಿಲ್ಲ ಅಂತ ಅರ್ಥವಲ್ಲ.

ಹಾಗಾಗಿ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದಕ್ಕಂತಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನಲ್ಲೂ ಇಎನ್‌ಟಿ ಡಾಕ್ಟರ ಹತ್ತಿರ ಹೋದರೆ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ನೋಡುವ ಪರೀಕ್ಷೆ, ಮಾಡಿಸುತ್ತಾರೆ. ರಿಪೋರ್ಟ್ ಬರುವವರೆಗೆ ಪಾರ್ಟಿ ಬೇಡ. ಆಮೇಲೆ ಹೋಗುವುದಾದರೆ ಹತ್ತಿ ತುರುಕಿಕೊಂಡು ಹೋಗಬೇಡಿ, ಅದು ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಸಂಗೀತಗಾರರು ಹಾಕಿಕೊಳ್ಳುವ ಫಿಲ್ಟರ್ ಇರುವ ಇಯರ್‌ಪ್ಲಗ್ ಸಿಗುತ್ತದೆ. ಹಾಡು ಗೊಗ್ಗರಾಗದೆ ಎಲ್ಲ ಸ್ವರವೂ ಹೆಚ್ಚುಕಡಿಮೆ ಒಂದೇ ಸಮ ತಗ್ಗುತ್ತದೆ. ಸರಿಯಾಗಿ ಕೂತು 15 ಡೆಸಿಬೆಲ್ ಇಳಿಸಿದರೂ 100 ಇದ್ದದ್ದು 85 ಆಯಿತು. ಹದಿನೈದು ನಿಮಿಷ ಇದ್ದದ್ದು ಎಂಟು ಗಂಟೆ ಆಯಿತು. ಇಷ್ಟು ಬಡ್ಡಿ ನಿಮ್ಮ ಬ್ಯಾಂಕೂ ಕೊಡುವುದಿಲ್ಲ.

ಇನ್ನು ವಯಸ್ಸು. ಈ ಸಂಗೀತ ನನಗೆ ತಲೆನೋವು ಅನ್ನುವುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೂ ನಿಮ್ಮ ಪತ್ರ ಓದಿ ಎರಡು ದಿನ ಅದೇ ಗುಂಗಿನಲ್ಲಿದ್ದೆ. ನೀವು ಕುಣಿದ ಅಂಜುನಾದ ಪಾರ್ಟಿಗಳನ್ನು ಕಟ್ಟಿದವರಲ್ಲಿ ಒಬ್ಬರು ಗೋವಾ ಗಿಲ್ ಅನ್ನುವ ಡಿಜೆ. 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು, 24 ಗಂಟೆ ಒಂದೇ ಸಮ ನುಡಿಸುವುದಕ್ಕೆ ಹೆಸರಾಗಿದ್ದವರು, 2023ರಲ್ಲಿ ಗೋವಾದಲ್ಲೇ ತೀರಿಕೊಂಡರು. ಮುಂಬೈನ ಸಂಗೀತಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ಸಿಂಥಸೈಜರ್, ಡ್ರಮ್ ಮಷೀನ್ ಇಟ್ಟುಕೊಂಡು ರಾಗ ನುಡಿಸಿದ್ದರು. ಹೊರದೇಶದ ಕ್ಲಬ್ಬುಗಳು ಅವರನ್ನು ಕರೆದದ್ದು ಅವರಿಗೆ ಎಪ್ಪತ್ತಾದ ಮೇಲೆ. ಟೋಕಿಯೋದಲ್ಲಿ ಸುಮಿರಾಕ್ ಅನ್ನುವ ಅಜ್ಜಿ ಎಪ್ಪತ್ತು ದಾಟಿದ ಮೇಲೆ ಡಿಜೆ ಕೆಲಸ ಕಲಿತು, 2018ರಲ್ಲಿ 83ನೇ ವಯಸ್ಸಿಗೆ ಗಿನ್ನೆಸ್ ದಾಖಲೆಗೆ ಸೇರಿದರು.

ಇವರ ಹೆಸರು ಹೇಳಿದರೆ ನಿಮಗೆ ಸಮಾಧಾನ ಆಗುವುದಿಲ್ಲ, ಗೊತ್ತು. ಇವರೆಲ್ಲ ಮೇಲೆ ನಿಂತು ನುಡಿಸಿದವರು. ಡಿಜೆಗೆ ವಯಸ್ಸಾದರೆ ‘ಲೆಜೆಂಡ್’, ಕೆಳಗೆ ಕುಣಿಯುವವಳಿಗೆ ವಯಸ್ಸಾದರೆ ‘ಆಂಟಿ’. ಟಿಕೆಟ್ ಕೊಂಡವರು ನೀವು, ಆದರೂ!

ನಾನು ಚಿಕ್ಕವಳಿದ್ದಾಗ ಅಜ್ಜಿ ಯಕ್ಷಗಾನಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಕಂಬಳಿ ಹೊದ್ದು, ಬಾಯಲ್ಲಿ ಕವಳ, ಮುಂದಿನ ಸಾಲಿನ ಚಾಪೆ. ನಡುರಾತ್ರಿ ತೂಕಡಿಸುವಳು. ಚೆಂಡೆಯ ಪೆಟ್ಟು ಏರಿದ ತಕ್ಷಣ ಕಣ್ಣು ಬಿಟ್ಟು ಮಂಡಿಯ ಮೇಲೆ ಬೆರಳಲ್ಲಿ ತಾಳ ಹಾಕುವಳು, ನನ್ನನ್ನೂ ತಿವಿದು ಎಬ್ಬಿಸುವಳು. ಮುಗಿಯುವಾಗ ಬೆಳ್ಳಿ ಮೂಡಿರುತ್ತಿತ್ತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 80 ದಾಟಿದ ಮೇಲೂ ವೇಷ ಕಟ್ಟಿದರು, ಜನ ಸಿಳ್ಳೆ ಹೊಡೆದರು. ಅದು ಸರಿಯೇ. ನನಗೆ ಜಾಸ್ತಿ ಮುಖ್ಯವಾಗಿ ಕಾಣುವುದು ಚಾಪೆಯ ಮೇಲಿದ್ದ ಅಜ್ಜಿ. ‘ಯಾರನ್ನು ಕರ್ಕೊಂಡು ಹೋಗೋಕೆ ಬಂದ್ರಿ ಅಜ್ಜೀ’ ಅಂತ ಅವಳನ್ನು ಒಬ್ಬರೂ ಕೇಳಲಿಲ್ಲ. ಆಟಕ್ಕೆ ಅಜ್ಜಿಯರು ಬರುವುದನ್ನು ಊರು ನೂರಾರು ವರ್ಷ ನೋಡಿತ್ತು.

ಬೆಂಗಳೂರು ನಿಮ್ಮಂಥವರನ್ನು ಇನ್ನೂ ನೋಡಿಲ್ಲ. ವಿಷಯ ಇಷ್ಟೇ ಅಂತ ನನ್ನ ಅನಿಸಿಕೆ. 1988ರಲ್ಲಿ ಲಂಡನ್, ಮ್ಯಾಂಚೆಸ್ಟರ್‌ನಲ್ಲಿ ಆಸಿಡ್ ಹೌಸ್ ಅನ್ನುವ ಡಾನ್ಸ್ ಸಂಗೀತಕ್ಕೆ ಕುಣಿದ ಇಪ್ಪತ್ತರ ಹುಡುಗರಿಗೆ ಈಗ ಅರವತ್ತರ ಹತ್ತಿರ. ಅಲ್ಲಿ ಕುಣಿಯುವ ಜನಕ್ಕೂ ವಯಸ್ಸಾಗಿದೆ, ಅದಕ್ಕೆ ತಕ್ಕಂತೆ ಸಮಯವೂ ಬದಲಾಗಿದೆ. 2023ರ ಕೊನೆಗೆ ಶೆಫೀಲ್ಡ್‌ನಲ್ಲಿ ‘ಡೇ ಫೀವರ್’ ಅಂತ ಹಗಲು ಪಾರ್ಟಿ ಶುರುವಾಯಿತು. ಮೂವತ್ತು ದಾಟಿದವರಿಗೆ, ಮಧ್ಯಾಹ್ನ ಮೂರಕ್ಕೆ ಆರಂಭ, ರಾತ್ರಿ ಎಂಟಕ್ಕೆ ಮನೆಗೆ. ಬೆಂಗಳೂರಿನಲ್ಲಿ ಹನ್ನೊಂದೂವರೆಗೆ ಲೈಟ್ ಹಾಕಿ ಎಲ್ಲರನ್ನೂ ಹೊರಡಿಸುತ್ತಿದ್ದ ಕಾಲದಿಂದ ಕುಣಿದುಕೊಂಡು ಬಂದು ಈಗ ಐವತ್ತರ ಹತ್ತಿರ ಬಂದವರು ನೀವು. ಮೊದಲ ಬ್ಯಾಚ್. ನಿಮ್ಮ ಮುಂದೆ ಯಾರೂ ಇಲ್ಲ, ಅದಕ್ಕೇ ಗೇಟಿನವನಿಗೆ ಗಲಿಬಿಲಿ. ಅವನ ಮಾತನ್ನು ತುಂಬ ಹಚ್ಚಿಕೊಳ್ಳಬೇಡಿ. ಆ ಹುಡುಗರಿಗೆ ಮೂವತ್ತೆರಡರವಳೂ ಆಂಟಿಯೇ.

ಮೈ ಬಗ್ಗೆ ಎರಡೇ ಮಾತು. ನಲವತ್ತೇಳು ಅಂದರೆ ಮುಟ್ಟು ನಿಲ್ಲುವ ಸಮಯ ಹತ್ತಿರ, ಮೊದಲೇ ನಿದ್ದೆ ಏರುಪೇರಾಗುವ ಕಾಲ. ಬೆಳಗಿನ ನಾಲ್ಕರವರೆಗೆ ಎದ್ದಿದ್ದರೆ ಮೂರು ದಿನ ಅನುಭವಿಸುತ್ತೀರಿ. ಭಾನುವಾರ ಮಧ್ಯಾಹ್ನದ ಸನ್‌ಡೌನರ್ ಪಾರ್ಟಿ ನೋಡಿಕೊಳ್ಳಿ. ‘ಉಳಿದದ್ದೆಲ್ಲ ಬಿಟ್ಟಾಯಿತು’ ಅಂದಿರಲ್ಲ, ಅದು ಹಾಗೇ ಇರಲಿ. ಎದೆಬಡಿತ, ಬಿಪಿ ಏರಿಸುವ ನಶೆ ಮಾತ್ರೆಗಳು ಈ ವಯಸ್ಸಿಗೆ ಇನ್ನೂ ಅಪಾಯ.

ಪತ್ರದಲ್ಲಿ ನನಗೆ ಚುಚ್ಚಿದ್ದು ಬೇರೆಯೇ. ಗೇಟಿನ ಹುಡುಗನಿಗೆ ಎರಡು ಸಾಲು ಕೊಟ್ಟಿದ್ದೀರಿ. ಕೋವಿಡ್‌ನಲ್ಲಿ ಹೋದ ಗೆಳೆಯನಿಗೆ ಮೂರೇ ಪದ. ಒಬ್ಬಳೇ ಹೋಗಿ ನಿಂತು, ಐದು ಜನ ಇದ್ದ ಜಾಗದಲ್ಲಿ ನಾಲ್ಕು ಜನ ಕಾಣದೆ ಮನೆಗೆ ಬರುತ್ತಿದ್ದೀರೇನೋ ಅಂತ ನನಗೆ ಅನುಮಾನ. ಇದಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಮಂಡಿನೋವಿನ ಇಬ್ಬರಿಗೆ ಫೋನ್ ಮಾಡಿ. ಮಧ್ಯಾಹ್ನದ ಪಾರ್ಟಿಗೆ ಬಂದು ಕುರ್ಚಿ ಹಾಕಿಕೊಂಡು ಕೂರಲಿ, ನಡುವೆ ಒಂದು ಟ್ರ್ಯಾಕ್‌ಗೆ ಎದ್ದರೂ ಸಾಕು. ಅವನ ಬಗ್ಗೆ ಮೂವರೂ ಕೂತು ಮಾತಾಡಿದ್ದೀರಾ? ಇಲ್ಲ ಅಂತ ಕಾಣುತ್ತೆ.

ಅತ್ತೆಗೆ ಟೆಕ್ನೋ ಅಂದರೇನು ಅಂತ ವಿವರಿಸಬೇಕಿಲ್ಲ. ಆದರೆ ಆಡಿಟ್ ಕಥೆ ಬಿಡಿ. ವರ್ಷಕ್ಕೆ ಆರು ಸಲ ರಾತ್ರಿಯಿಡೀ ಆಡಿಟ್ ನಡೆಯುವ ಬ್ಯಾಂಕಿನಲ್ಲಿ ನಾನಾದರೆ ದುಡ್ಡು ಇಡುವುದಿಲ್ಲ. ‘ಮ್ಯೂಸಿಕ್ ಪ್ರೋಗ್ರಾಂ ಇದೆ, ಲೇಟಾಗುತ್ತೆ’ ಅಂದರೆ ಸುಳ್ಳೂ ಅಲ್ಲ, ಜಗಳವೂ ಇಲ್ಲ.

ಮಗಳ ಮೆಸೇಜನ್ನು ಇನ್ನೊಮ್ಮೆ ಓದಿ. ‘ಕುಣಿಯಬೇಡ’ ಅಂದಿಲ್ಲ. ‘ಅಲ್ಲಿಗೆ ಬರಬೇಡ’ ಅಂದಿದ್ದಾಳೆ. 2001ರಲ್ಲಿ ಅಂಜುನಾದ ಆ ಜನಜಂಗುಳಿಯಲ್ಲಿ ದಾವಣಗೆರೆಯಿಂದ ನಿಮ್ಮ ಅಮ್ಮ ಬಂದು ನಿಂತಿದ್ದರೆ? ಮನೆಯಲ್ಲಿ ಏನು ಹೇಳಿ ಹೊರಟಿದ್ದಿರಿ ಆವತ್ತು? ಆಗಲೂ ಆಡಿಟ್ ಇತ್ತಾ? ಆ ಒಂದು ಜಾಗ ಅವಳಿಗೆ ಬಿಟ್ಟುಕೊಡಿ. ಕುಣಿಯೋದಕ್ಕೆ ನಿಮಗೆ ಬೇರೆ ಜಾಗ ಸಿಗುತ್ತದೆ. ಉತ್ತರ ಇವತ್ತೇ ಬರೆಯಿರಿ, ಉದ್ದ ಬೇಡ. ‘ಸರಿ ಕಣೇ, ಅದು ನಿನ್ನ ಜಾಗ, ನಾನು ಬರಲ್ಲ. ಇಯರ್‌ಪ್ಲಗ್ ತರಿಸ್ತಾ ಇದ್ದೀನಿ, ನಿನಗೂ ಒಂದು ಜೊತೆ ತರಿಸ್ಲಾ?’