ಅತ್ತೆಯ ಹೆಸರು ಬಿಟ್ಟು ಅರ್ಜಿ ಹಾಕಬಹುದಾ?

ಪ್ರಶ್ನೆ: ಮೇಡಂ, ನಮ್ಮ ಯಜಮಾನರು ಹೋದ ವರ್ಷ ತೀರಿಕೊಂಡರು. ಮಗಳು ಎಂಟನೇ ಕ್ಲಾಸು, ಮಗ ಐದನೇ ಕ್ಲಾಸು. ದಾವಣಗೆರೆಯ ಬ್ಯಾಂಕಿನಲ್ಲಿ ಅವರ ದುಡಿಮೆಯ 18 ಲಕ್ಷ ಎಫ್‌ಡಿ ಇದೆ. ನಾಮಿನಿ ಇಲ್ಲ, ವಿಲ್ ಬರೆದಿಲ್ಲ. ನಾಡಕಚೇರಿಯಿಂದ ವಂಶವೃಕ್ಷ ತಂದುಕೊಟ್ಟೆ. ಅಷ್ಟರಲ್ಲಿ ಮೈದುನ ತಕರಾರು ಕೊಟ್ಟಿದ್ದಾನೆ. ಬ್ಯಾಂಕಿನವರು ಕೋರ್ಟಿಗೆ ಹೋಗಿ ಎನ್ನುತ್ತಾರೆ. ಅತ್ತೆ ಅವನ ಮನೆಯಲ್ಲಿದ್ದಾರೆ, ನನ್ನ ಜೊತೆ ಮಾತಿಲ್ಲ. ಅವರ ಹೆಸರು ಬಿಟ್ಟು ಅರ್ಜಿ ಹಾಕು ಅಂತ ನಮ್ಮ ಕಡೆಯವರು ಹೇಳುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಬಿಡಬೇಡಿ ತಂಗಿ, ದಯವಿಟ್ಟು ಬಿಡಬೇಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಮೊದಲ ಸಾಲಿನ ವಾರಸುದಾರರು. ನಾಲ್ವರಿಗೂ ಸಮ ಪಾಲು. ಅಸಲಿನಲ್ಲೇ ತಲಾ ನಾಲ್ಕೂವರೆ ಲಕ್ಷ ಆಯಿತು. ಮೈದುನನಿಗೆ ಈ ದುಡ್ಡಿನಲ್ಲಿ ಸ್ವಂತ ಪಾಲು ಒಂದು ಪೈಸೆಯೂ ಇಲ್ಲ.

ಹೆಂಡತಿ, ಮಕ್ಕಳು ಅಂದಮೇಲೆ ಮುಗಿಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ತಾಯಿಯ ನೆನಪೇ ಬರುವುದಿಲ್ಲ. ನೀವು ಕೋರ್ಟಿನಿಂದ ತರಬೇಕಾದದ್ದು ಸಕ್ಸೆಷನ್ ಸರ್ಟಿಫಿಕೇಟ್, ಅಂದರೆ ತೀರಿಕೊಂಡವರಿಗೆ ಬರಬೇಕಾದ ಹಣ ಪಡೆಯಲು ಕೋರ್ಟು ಕೊಡುವ ಪತ್ರ. ಅದರ ಅರ್ಜಿಯಲ್ಲಿ ಹತ್ತಿರದ ಬಂಧುಗಳ ಹೆಸರು, ವಿಳಾಸ ಎಲ್ಲಾ ಬರೆದು ಸತ್ಯ ಅಂತ ಸಹಿ ಮಾಡಬೇಕು. ಗೊತ್ತಿದ್ದೂ ಸುಳ್ಳು ಬರೆದರೆ ಅದು ಅಪರಾಧ. ಮುಖ್ಯ ವಿಷಯ ಮುಚ್ಚಿಟ್ಟು ಪಡೆದ ಸರ್ಟಿಫಿಕೇಟನ್ನು ಕೋರ್ಟು ರದ್ದು ಮಾಡಬಹುದು. ಆಗ ಮೈದುನನ ಕೈಗೆ ನೀವೇ ಅಸ್ತ್ರ ಕೊಟ್ಟ ಹಾಗಾಗುತ್ತದೆ.

ಈ ಸರ್ಟಿಫಿಕೇಟಿಗೆ ಅರ್ಜಿ ಹಾಕುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 372ನೇ ಕಲಂ ಪ್ರಕಾರ. ಬ್ಯಾಂಕ್ ದಾವಣಗೆರೆಯಲ್ಲಿದೆ ಅಂತ ಅಲ್ಲಿಗೆ ಓಡಬೇಡಿ. ತೀರಿಕೊಂಡಾಗ ಯಜಮಾನರು ವಾಸವಿದ್ದ ಊರು ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತದೋ ಅಲ್ಲೇ ಅರ್ಜಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಫ್‌ಡಿ ರಸೀದಿ, ಎಲ್ಲರ ಆಧಾರ್ ಜೋಡಿಸಿಕೊಳ್ಳಿ. ಬರಬೇಕಾದ ಬೇರೆ ಬಾಕಿ, ಷೇರು ಇದ್ದರೆ ಈಗಲೇ ಪಟ್ಟಿಗೆ ಸೇರಿಸಿ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಈ ಸರ್ಟಿಫಿಕೇಟ್ ನಡೆಯುವುದಿಲ್ಲ, ಮತ್ತೆ ಕೋರ್ಟಿಗೆ ಅಲೆಯಬೇಕು. ಮನೆ, ಸೈಟು ಇದರಲ್ಲಿ ಬರುವುದಿಲ್ಲ, ಅದಕ್ಕೆ ಖಾತೆ ಬದಲಾವಣೆ ಬೇರೆಯೇ. ಕೋರ್ಟ್ ಶುಲ್ಕ ಹಣದ ಮೊತ್ತದ ಮೇಲೆ ನಿಂತಿರುತ್ತದೆ.

ಅತ್ತೆಯನ್ನು ಎದುರುದಾರರನ್ನಾಗಿ ಮಾಡಿ. ಅವರಿಗೆ ನೋಟಿಸ್ ಹೋಗುತ್ತದೆ, ಸಾಮಾನ್ಯವಾಗಿ ಪತ್ರಿಕೆಯಲ್ಲೂ ಪ್ರಕಟಣೆ ಕೊಡಿಸುತ್ತಾರೆ. ಅವರು ಬಂದು ತಕರಾರಿಲ್ಲ ಎಂದರೆ ಕೆಲಸ ಬೇಗ ಮುಗಿಯುತ್ತದೆ. ಅದಕ್ಕೇ ಹೇಳುತ್ತೇನೆ, ನೋಟಿಸ್ ತಲುಪುವ ಮೊದಲು ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ಅವರೂ ಮಗನನ್ನು ಕಳೆದುಕೊಂಡವರು, ಅಲ್ವಾ? ಪಾಲು ಬಿಟ್ಟುಕೊಡಿ ಅಂತ ಕೇಳಬೇಡಿ. ನಿಮ್ಮ ಪಾಲು ನಿಮಗೇ ಬರುತ್ತದೆ ಅಂತ ಬಾಯಿಬಿಟ್ಟು ಹೇಳಿ. ಮೊಮ್ಮಕ್ಕಳಿಗೆ ಕೊಡುವುದು, ಬಿಡುವುದು ಅವರ ಇಷ್ಟ.

ಮಕ್ಕಳ ಪಾಲಿನ ಒಂಬತ್ತು ಲಕ್ಷವನ್ನು 18 ತುಂಬುವವರೆಗೆ ಅವರ ಹೆಸರಲ್ಲೇ ಠೇವಣಿ ಇಡಲು ಕೋರ್ಟು ಹೇಳಬಹುದು. ಬೇಸರ ಮಾಡಿಕೊಳ್ಳಬೇಡಿ. ಶಾಲೆಯ ಫೀಸಿಗೆ ಬೇಕಾದರೆ ಅನುಮತಿ ಕೇಳಿ ಅರ್ಜಿ ಹಾಕಬಹುದು.

ವಕೀಲರ ಫೀಸಿನ ಚಿಂತೆ ಇದ್ದರೆ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ.